ಗಾಜಿನ ಮೆಟ್ಟಿಲಿನ ವೆಂಕಟರಮಣಪ್ಪ

“ಬನ್ನಿ, ಬನ್ನಿ, ಚಪ್ಪಲಿ ಅಲ್ಲೇ ಬಿಡಿ. ಮ್ಯಾಲೆ ನೋಡಿ, ಮ್ಯಾಲೆ! ಆಕಾಶ ಬಿಟ್ರೆ ಇದರ್ ಮ್ಯಾಲೆ ಇನ್ನೊಬ್ರ ಮನೆ ಇಲ್ಲ. ಒಂದೇ ಮನೇಲಿ ಎರಡು ಅಂತಸ್ತು, ಡೂಪ್ಲೆಕ್ಸು. ಇಂಜಿನಿಯರು ಮೆಟ್ಲು ಮೂಲೇಗೆ ಹಾಕ್ತೀನಿ ಅಂದ. ಮೂಲೇಗ್ಯಾಕಯ್ಯಾ, ನಮ್ಮ ಜಮೀನ್ ಮ್ಯಾಲೆ ನಿಂತಿರೋ ಕಟ್ಟಡ ಇದು, ಹಾಲ್ ಮಧ್ಯಕ್ಕೇ ಬರ್ಲಿ ಅಂದೆ. ಮರ ಬ್ಯಾಡ, ಕಲ್ಲು ಬ್ಯಾಡ, ಪೂರ್ತಿ ಗಾಜು. ಸೋಫಾ ಎಲ್ಲಿ ಹಾಕ್ಸಿದೀನಿ ನೋಡಿ, ಸರಿಯಾಗಿ ಮೆಟ್ಲು ಕೆಳಗೆ. ಕೂತೋರು ತಲೆ ಎತ್ತಿದ್ರೆ ಸಾಕು, ಮ್ಯಾಲಿನ್ ತನ್ಕ ಕಾಣ್ತದೆ. ಎಲ್ಲಾ ನಂದೇ ಡಿಸೈನು.”

ವರ್ತೂರಿನ ವೆಂಕಟರಮಣಪ್ಪ ಮನೆಗೆ ಬಂದವರಿಗೆಲ್ಲ ಇದನ್ನೇ ಒಪ್ಪಿಸುತ್ತಿದ್ದ. ಕೆರೆ ಹಿಂದಿನ ಸೊಪ್ಪಿನ ತೋಟದಲ್ಲಿ ಬಗ್ಗಿ ಕಳೆ ಕಿತ್ತವಳು ಹೆಂಡತಿ ಕೃಷ್ಣಮ್ಮ. ಇವನು ಟೀ ಅಂಗಡಿಯಲ್ಲಿ ಕೂತೇ ಯಜಮಾನನಾದವನು. ತೋಟ ಬಿಲ್ಡರನಿಗೆ ಹೋಗಿ, ಅಲ್ಲಿ ಎದ್ದ ಅಪಾರ್ಟ್‌ಮೆಂಟಿನ ತುತ್ತತುದಿಯ ಮನೆ ಕೈಗೆ ಬಂದ ಮೇಲೆ ಡಿಸೈನರೂ ಆದ. ಸೀರೆ ಉಟ್ಟ ಹೆಂಗಸು ಆ ಮೆಟ್ಟಿಲು ಹತ್ತಿದರೆ ಕೆಳಗೆ ಕೂತವರಿಗೆ ಏನು ಕಾಣುತ್ತದೆ ಎಂಬುದು ಈ ಮಹಾಶಯನಿಗೆ ಹೊಳೆದಿರಲಿಲ್ಲ. ಹೊಳೆಯಬೇಕಾದರೆ ಮನೆಯಲ್ಲಿ ಹೆಂಗಸರಿದ್ದಾರೆ ಎಂಬುದು ಮೊದಲು ನೆನಪಿರಬೇಕಲ್ಲ. ಹಾಲಿನಲ್ಲಿ ಗಂಡಸರಿದ್ದರೆ ಕೃಷ್ಣಮ್ಮ ಅಡಿಗೆಮನೆ ಬಿಟ್ಟು ಬರುತ್ತಿರಲಿಲ್ಲ.

ಮಗಳು ದೀಪಶ್ರೀಯನ್ನು ನೋಡಲು ಸರ್ಜಾಪುರದ ಕಡೆಯವರು ಬಂದರು. ಹುಡುಗ ಅವಳಿಗೆ ಹಿಡಿಸಿದ್ದ. ಹುಡುಗನ ತಾಯಿ ಶ್ಯಾಮಲಮ್ಮನಿಗೂ ಹುಡುಗಿ ಮನಸ್ಸಿಗೆ ಬಂದಿದ್ದಳು. ಕೃಷ್ಣಮ್ಮ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿಯುತ್ತಿದ್ದಳು. ಇವನಿಗೆ ತಡೆಯಬೇಕಲ್ಲ!

“ಮೊದ್ಲು ಮ್ಯಾಲಿನ ಮನೆ ನೋಡ್ಬುಡಿ. ಹತ್ತಮ್ಮ, ನೀವೇ ಮುಂದೆ.”

ಶ್ಯಾಮಲಮ್ಮ ನಾಲ್ಕು ಮೆಟ್ಟಿಲು ಹತ್ತಿ ಕೆಳಗೆ ನೋಡಿದರು. ಗಂಡಸರೆಲ್ಲ ಸೋಫಾದಲ್ಲಿ ಸಾಲಾಗಿ ಕೂತು ತಲೆ ಎತ್ತಿದ್ದರು. ಆಕೆ ನಿರಿಗೆ ಮುದುರಿ ಹಿಡಿದು ದಡದಡ ಇಳಿದುಬಿಟ್ಟರು.

“ಏನಣ್ಣ, ನಿಮ್ಮನೇಲಿ ಹೆಂಗಸ್ರು ಇಂಗೇ ಓಡಾಡ್ತಾರಾ?”

“ಹೆದರ್ಬ್ಯಾಡಿ ಕಣಮ್ಮ, ದಪ್ಪ ಗಾಜು, ಒಡೆಯಲ್ಲ!”

ಕಾಫಿ ಲೋಟದಲ್ಲೇ ಆರಿತು. ಮಾರನೆಯ ದಿನ ಸಂಬಂಧ ತಂದಿದ್ದ ನರಸಿಂಹಯ್ಯ ಫೋನು ಮಾಡಿದ. “ಹುಡ್ಗಿ ಅವರಿಗೆ ಒಪ್ಪಿಗೆ ಅಂತೆ ಕಣಪ್ಪ. ಆ ಮೆಟ್ಲಿಗೆ ಒಂದು ಜಮಖಾನ ಹಾಸ್ಬುಡು, ಭಾನುವಾರ ತಿರ್ಗಾ ಬರ್ತಾರೆ.”

“ಜಮಖಾನ ಹಾಸಿದ್ರೆ ಗಾಜು ಎಲ್ಲಿ ಕಾಣ್ತದೆ? ಬೇಕಾದ್ರೆ ಅವರೇ ಬ್ಯಾರೆ ಮನೆ ನೋಡ್ಕಳ್ಳಿ!”

ಅವರು ನೋಡಿಕೊಂಡರು. ಹುಡುಗನಿಗೆ ಆನೇಕಲ್ಲಿನಲ್ಲಿ ನಿಶ್ಚಯವಾಯಿತು ಎಂದು ಸುದ್ದಿ ಬಂದ ದಿನ ದೀಪಶ್ರೀ ಮೇಲಿನ ಕೋಣೆಯಿಂದ ಹಾಸಿಗೆ ಸುತ್ತಿಕೊಂಡು ಕೆಳಗೆ ಬಂದು ಅವ್ವನ ಪಕ್ಕದಲ್ಲಿ ಹಾಸಿದಳು.

ಬೆಳಿಗ್ಗೆ ಕೃಷ್ಣಮ್ಮ ಒಗೆದ ಬಟ್ಟೆಯ ಬಕೆಟ್ಟನ್ನು ತಂದು ಮೆಟ್ಟಿಲ ಬುಡದಲ್ಲಿ ಕುಕ್ಕಿದಳು. ಬಟ್ಟೆ ಒಣಗುವ ತಂತಿ ಇದ್ದದ್ದು ಮೇಲೆ.

“ನಾನೂ ಹತ್ತಲ್ಲ, ಮಗಳೂ ಹತ್ತಲ್ಲ. ನೀವೇ ಒಣಗಾಕ್ಕೊಂಡ್ ಬನ್ನಿ.”

“ಗಂಡಸು ಕಣೇ ನಾನು!”

“ಅದಕ್ಕೇ ಹೇಳಿದ್ದು. ನೀವು ಹತ್ತಿದ್ರೆ ಯಾರೂ ತಲೆ ಎತ್ತಿ ನೋಡಲ್ಲ.”

ಅವನು ಗೊಣಗಿದ, ಕೂಗಾಡಿದ. ಯಾರೂ ಅಡಿಗೆಮನೆಯಿಂದ ಬರಲಿಲ್ಲ. ಉಟ್ಟುಕೊಳ್ಳಲು ಒಣಗಿದ ಪಂಚೆಯೂ ಇರಲಿಲ್ಲ. ಕೊನೆಗೆ ಬಕೆಟ್ಟು ಎತ್ತಿಕೊಂಡು ಹತ್ತಿದ. ಹೆಂಡತಿಯ ಲಂಗವನ್ನು ಹಿಂಡಿ, ಕೊಡವಿ, ತಂತಿಯ ಮೇಲೆ ಹರವಿ ಕ್ಲಿಪ್ಪು ಹಾಕಿದ. ಆಮೇಲೆ ಬಗ್ಗಿ ಇನ್ನೊಂದನ್ನು ತೆಗೆದುಕೊಂಡ.