ನಾನು ಬರೆದುಕೊಟ್ಟ ಇಪ್ಪತ್ತು ಹೆಸರು

ಮೊನ್ನೆ ಬೆಳಿಗ್ಗೆ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಲೋಕಲ್ ಟ್ರೇನ್ ಹತ್ತಿದೆ. ಲೇಡೀಸ್ ಡಬ್ಬದಲ್ಲಿ ಎಂದಿನ ನೂಕುನುಗ್ಗಲು. ನನ್ನ ಭುಜಕ್ಕೆ ಒತ್ತಿಕೊಂಡು ನಿಂತಿದ್ದ ಹುಡುಗಿಯೊಬ್ಬಳು ಚೀಲದಿಂದ ಪ್ಲಾಸ್ಟಿಕ್ ಬಾಟಲಿ ತೆಗೆದು, ಗಡಗಡ ಅಲ್ಲಾಡಿಸಿ, ಮುಚ್ಚಳ ಬಿಚ್ಚಿದಳು. ಕಿತ್ತಳೆಯ ವಾಸನೆ. ಹಣ್ಣಿನದಲ್ಲ, ಪುಡಿಯದು. ಮುಂದಿನ ಸ್ಟೇಷನ್ ಖಾರ್ ಬಂದದ್ದೇ ಇಳಿದುಬಿಟ್ಟೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಎರಡು ಗಾಡಿ ಹೋಗಲು ಬಿಟ್ಟೆ. ಅಷ್ಟು ಹೊತ್ತೂ ನನ್ನ ಕಣ್ಣೆದುರು ಇದ್ದವರು ಟೀಚರ್.

ಅವರು ನಮ್ಮ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿದ್ದರು, ನಾವು ಮೂರನೆಯದರಲ್ಲಿ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನನಗೆ ಒಂದನೆಯಿಂದ ನಾಲ್ಕನೆಯವರೆಗೆ ಕಲಿಸಿದವರೂ ಅವರೇ. ವಿಜಾಪುರದ ಕಡೆಯವರು. ಮದುವೆಯಾಗಿರಲಿಲ್ಲ. ದೊಡ್ಡ ದೇಹ, ದೊಡ್ಡ ದನಿ. ಐವತ್ತು ದಾಟಿದ ಮೇಲೆ ಮೊಣಕಾಲು ಕೈಕೊಟ್ಟಿತು. ಲಿಫ್ಟಿಲ್ಲದ ಬಿಲ್ಡಿಂಗ್, ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ತೂಕ ಇಳಿಸದಿದ್ದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಹೇಳಿದ್ದರಂತೆ. ಆ ಮಾತನ್ನು ಅವರು ನನ್ನ ಅಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ಅಮ್ಮ ನನಗೆ ಹೇಳಿದ್ದಳು.

ಆಗ ನನಗೆ ಇಪ್ಪತ್ಮೂರು. ಅಪ್ಪ ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಕ್ಯಾಶಿಯರ್. ನನಗೆ ಸಿಕ್ಕಿದ ಮೊದಲ ಕೆಲಸ ಒಂದು ಕಾಲ್ ಸೆಂಟರಿನಲ್ಲಿ. ತೂಕ ಇಳಿಸುವ ಪುಡಿಯನ್ನು ಫೋನಿನಲ್ಲಿ ಮಾರುವುದು. ಮಾರುವುದು ಎಂಬ ಶಬ್ದ ಅಲ್ಲಿ ನಿಷಿದ್ಧ. ಹದಿನೈದು ದಿನದ ಟ್ರಯಲ್, ಪೂರಾ ಫ್ರೀ. ವಿಳಾಸ ಖಾತ್ರಿಗೆಂದು ಫೋನಿನಿಂದ ಒಂದೇ ಒಂದು ರೂಪಾಯಿ ಕಳಿಸಿ ಎನ್ನಬೇಕು. ಜನ ಪಿನ್ ಒತ್ತುತ್ತಿದ್ದರು. ಹಾಗೆ ಒತ್ತಿದರೆ ಮುಂದೆ ಪ್ರತಿ ತಿಂಗಳು ಅವರ ಖಾತೆಯಿಂದ ಡಬ್ಬಿಯ ಪೂರ್ತಿ ಬೆಲೆ ತಾನಾಗಿ ಕಡಿತವಾಗಲು ಒಪ್ಪಿಗೆ ಕೊಟ್ಟ ಹಾಗೆ. ಅದು ಪರದೆಯ ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ನಾವು ಅದನ್ನು ಓದಿ ಹೇಳುತ್ತಿರಲಿಲ್ಲ.

ಸೇರಿದ ದಿನವೇ ಸೂಪರ್‌ವೈಸರ್ ಒಬ್ಬೊಬ್ಬರ ಕೈಗೂ ಒಂದು ಹಾಳೆ ಕೊಟ್ಟ. ಗೊತ್ತಿರುವ ಇಪ್ಪತ್ತು ಜನರ ಹೆಸರು, ನಂಬರು, ಪಕ್ಕದಲ್ಲಿ ಅವರಿಗಿರುವ ತೊಂದರೆ ಬರೆಯಬೇಕು. ನಾನು ಬರೆದೆ. ಹಾಳೆಯ ಏಳನೆಯ ಸಾಲಿನಲ್ಲಿ ಟೀಚರ ಹೆಸರು. ಪಕ್ಕದಲ್ಲಿ, ಮೊಣಕಾಲು ನೋವು.

ಕೆಟ್ಟದ್ದು ಬಯಸಿ ಬರೆದದ್ದಲ್ಲ. ಫ್ರೀ ತಾನೇ, ಅವರ ಕಾಲಿಗಾದರೂ ಗುಣವಾಗಲಿ ಅಂದುಕೊಂಡೆ... ಹಾಗೆ ಅಂದುಕೊಂಡೆನೋ, ಆಮೇಲೆ ಹಾಗೆ ಹೇಳಿಕೊಳ್ಳಲು ಕಲಿತೆನೋ, ಈಗ ನನಗೇ ಗೊತ್ತಾಗುವುದಿಲ್ಲ.

ವಾರದೊಳಗೆ ಟೀಚರ್ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ ಕಿತ್ತಳೆ ಬಣ್ಣದ ಡಬ್ಬಿ ತೋರಿಸಿದರು. "ನೋಡವಾ, ಬಿಟ್ಟಿ ಬಂದೈತಿ. ನನ್ನ ಮೊಣಕಾಲಿನ ಸುದ್ದಿ ಫೋನ್ ಮಾಡಿದವ್ರಿಗೆ ಮೊದ್ಲ ಗೊತ್ತಿತ್ತು!" ಮಕ್ಕಳಿಗೆ ಬಹುಮಾನ ಬಂದಾಗ ನಗುತ್ತಿದ್ದ ಹಾಗೇ ನಗುತ್ತಿದ್ದರು. "ಒಳ್ಳೇದಾಯ್ತು ಟೀಚರ್" ಎಂದು ನಾನು ಬೇಗಬೇಗ ಮೇಲೆ ಹತ್ತಿದೆ.

ಎರಡನೆಯ ಡಬ್ಬಿ ಬಂತು, ಮೂರನೆಯದೂ ಬಂತು. ಅವರ ಮುಖ ಇಳಿಯತೊಡಗಿತು. ತೂಕ ಇಳಿದಿರಬೇಕು, ಆದರೆ ಕೈ ನಡುಗುತ್ತಿತ್ತು. ಬೋರ್ಡಿನ ಮೇಲೆ ಬರೆದರೆ ಅಕ್ಷರ ಸೊಟ್ಟಗಾಗುತ್ತದೆ ಎಂದು ಅಮ್ಮನ ಹತ್ತಿರ ಹೇಳಿಕೊಂಡರು. ಎದೆಯೊಳಗೆ ಹಕ್ಕಿ ಸಿಕ್ಕಿಬಿದ್ದ ಹಾಗೆ ಆಗುತ್ತದಂತೆ. ಖಾತೆಯಿಂದ ಹಣ ಹೋಗುತ್ತಿದೆಯೆಂದು ಬ್ಯಾಂಕಿಗೆ ಹೋದರೆ, ಪಿನ್ ನೀವೇ ಒತ್ತಿದ್ದೀರಿ, ಕಂಪನಿಯವರನ್ನೇ ಕೇಳಿ ಎಂದರು. ಕಂಪನಿಗೆ ಫೋನ್ ಮಾಡಿದರೆ ಹತ್ತಿಪ್ಪತ್ತು ನಿಮಿಷ ಬರೀ ಸಂಗೀತ.

ಒಂದು ದಿನ ನನ್ನ ರಜೆ ನೋಡಿಕೊಂಡು ಅವರು ನಮ್ಮ ಮನೆಗೆ ಬಂದರು. "ನೀನೂ ಫೋನಿನ ಆಫೀಸ್‌ನ್ಯಾಗ ಅದಿಯಲ್ಲ, ನೀನ ಒಂಚೂರು ಮಾತಾಡವಾ. ನನಗ ತಿಳಿಯಂಗಿಲ್ಲ" ಎಂದು ತಮ್ಮ ಫೋನನ್ನು ನನ್ನ ಕೈಗಿಟ್ಟರು. ನಾನು ಯಾವ ಆಫೀಸಿನಲ್ಲಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಪರದೆಯ ಮೇಲೆ ನಮ್ಮದೇ ನಂಬರು. ಸಂಗೀತವೂ ನಮ್ಮದೇ. ಆಮೇಲೆ ಬಂದ ದನಿ, ದಿನಾ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಡಬ್ಬಿಯಿಂದ ಊಟ ಹಂಚಿಕೊಳ್ಳುವ ಹುಡುಗಿಯದು.

ಅವಳಿಗೆ ಗೊತ್ತಾಗಬಾರದೆಂದು ದನಿ ದಪ್ಪ ಮಾಡಿಕೊಂಡು ಹಿಂದಿಯಲ್ಲಿ, ಇದನ್ನು ನಿಲ್ಲಿಸಬೇಕು ಎಂದೆ. ಸ್ಪೀಕರ್ ಹಾಕಿತ್ತು. ಟೀಚರ್ ಕುರ್ಚಿಯ ತುದಿಯಲ್ಲಿ ಕೂತು ಕೇಳುತ್ತಿದ್ದರು. ಆ ಹುಡುಗಿ ನಮಗೆ ಕಲಿಸಿದ್ದನ್ನೇ ಒಪ್ಪಿಸಿದಳು. ಕೋರ್ಸ್ ನಡುವೆ ನಿಲ್ಲಿಸಿದರೆ ದೇಹ ತಡೆಯುವುದಿಲ್ಲ ಮೇಡಂ, ಹೃದಯದ ಮೇಲೆ ಪರಿಣಾಮವಾಗಬಹುದು, ಆಮೇಲೆ ನಾವು ಜವಾಬ್ದಾರರಲ್ಲ.

ಅದು ಸುಳ್ಳೆಂದು ನನಗೆ ಗೊತ್ತಿತ್ತು. ದಿನವೂ ನಾನೇ ಹೇಳುತ್ತಿದ್ದ ಸುಳ್ಳು. ಟೀಚರ ಮುಖದ ಬಣ್ಣ ಹೋಯಿತು.

"ತಗೊಂಡ್ರೂ ಹೆದ್ರಿಕಿ, ಬಿಟ್ರೂ ಹೆದ್ರಿಕಿ... ಏನ ಮಾಡ್ಲವಾ ನಾ?"

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೆಲಸ ಹೋಗುತ್ತದೆಂಬ ಭಯ. ಅದಕ್ಕಿಂತ ಹೆಚ್ಚಾಗಿ, ಅವರಿಗೆ ನನ್ನ ವಿಷಯ ಗೊತ್ತಾಗುತ್ತದೆಂಬ ಭಯ. "ಇನ್ನೊಂದು ತಿಂಗಳು ನೋಡುವ ಟೀಚರ್" ಎಂದುಬಿಟ್ಟೆ.

ಅವರು ತಲೆಯಾಡಿಸಿದರು. ನಾನು ಹೇಳಿದೆನೆಂದು ಪುಡಿ ಕುಡಿಯುತ್ತಲೇ ಹೋದರು.

ತಿಂಗಳು ಪೂರ್ತಿಯಾಗಲಿಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆಂದು ಇಳಿಯುವಾಗ ಮೊದಲನೆಯ ಮಹಡಿಯ ತಿರುವಿನಲ್ಲಿ ಅವರು ಗೋಡೆಗೊರಗಿ ಕೂತಿದ್ದರು. ಹಾಲಿನ ಪ್ಯಾಕೆಟ್ ಒಡೆದು ಮೆಟ್ಟಿಲಿನ ಮೇಲೆ ಹರಿಯುತ್ತಿತ್ತು. ತುಟಿ ನೀಲಿ. ನಾನು ಕಿರುಚಿದ್ದಕ್ಕೆ ಅಪ್ಪ ಬನಿಯನ್ನಿನಲ್ಲೇ ಓಡಿಬಂದರು. ಹತ್ತಿರದ ನರ್ಸಿಂಗ್ ಹೋಮಿನವರು ನೋಡಿದವರೇ ಪರೇಲಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ದಾರಿಯುದ್ದಕ್ಕೂ ಅವರ ಮಣಿಕಟ್ಟು ಹಿಡಿದುಕೊಂಡು ಕೂತಿದ್ದೆ. ನಾಡಿ ಓಡುತ್ತಿತ್ತು, ತಟ್ಟನೆ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

ಮೂರನೆಯ ದಿನ ವಾರ್ಡಿಗೆ ಹಾಕಿದರು. ಡಾಕ್ಟರು ನಾವು ತಂದಿದ್ದ ಪುಡಿಯ ಡಬ್ಬಿಯನ್ನು ತಿರುಗಿಸಿ ನೋಡಿ, ಒಳಗೆ ಏನಿದೆ ಅಂತಲೇ ಇದರಲ್ಲಿ ಬರೆದಿಲ್ಲ, ಇವತ್ತಿಗೇ ನಿಲ್ಲಿಸಿ ಎಂದರು.

"ನಿಲ್ಲಿಸಿದ್ರ ಏನೂ ಆಗೂದಿಲ್ಲೇನ್ರಿ?" ಟೀಚರ್ ಹಿಂದಿ ಮರೆತು ಕನ್ನಡದಲ್ಲೇ ಕೇಳಿದರು. ನಾನು ಹಿಂದಿಯಲ್ಲಿ ಹೇಳಿದೆ. ಡಾಕ್ಟರಿಗೆ ಆಶ್ಚರ್ಯ. "ಹಾಗಂತ ಯಾರು ಹೇಳಿದ್ದು ನಿಮಗೆ?"

ಡಾಕ್ಟರು ಮುಂದಿನ ಮಂಚಕ್ಕೆ ಹೋದ ಮೇಲೆ ಹೇಳಿದೆ. ಎಲ್ಲವನ್ನೂ. ಹಾಳೆ, ಏಳನೆಯ ಸಾಲು, ಫೋನಿನಲ್ಲಿದ್ದ ಹುಡುಗಿ. ಟೀಚರ್ ಕಿಟಕಿಯ ಕಡೆ ತಿರುಗಿದರು.

"ಮೊಣಕಾಲು ನೋವಂತ ನೀನ ಬರದಿದ್ದೇನ?"

"ಹೌದು ಟೀಚರ್."

"ನಮ್ಮ ಡಾಕ್ಟರೇ ಹೇಳಿ ಕಳಿಸ್ಯಾರ ಅಂತ ತಿಳಕೊಂಡಿದ್ನವಾ. ಅದಕ್ಕ ನಂಬಿದೆ." ಆಮೇಲೆ ನನ್ನ ಕಡೆ ತಿರುಗಿದರು. "ಮತ್ತ ಯಾರ‍್ಯಾರ ಹೆಸರ ಬರದಿ?"

ಬೈದಿದ್ದರೆ ಚೆನ್ನಾಗಿತ್ತು.

ಕೆಲಸ ಬಿಟ್ಟೆ. ಬಿಟ್ಟ ಮರುದಿನವೇ ಸೂಪರ್‌ವೈಸರಿನ ಫೋನು. ಎಲ್ಲಾ ರೆಕಾರ್ಡಿಂಗಿನಲ್ಲೂ ನಿನ್ನ ದನಿ ಇದೆ, ನಿನ್ನ ಮನೆ ವಿಳಾಸ ನಮ್ಮ ಹತ್ತಿರ ಇದೆ, ಯಾರಾದರೂ ಕಂಪ್ಲೇಂಟ್ ಕೊಟ್ಟರೆ ಪೊಲೀಸರು ಮೊದಲು ನಿನ್ನ ಬಾಗಿಲಿಗೇ ಬರುತ್ತಾರೆ ಎಂದ. ಎಷ್ಟೋ ವಾರ ಕೆಳಗೆ ಬೈಕ್ ನಿಂತ ಸದ್ದಾದರೆ ಪರದೆಯ ಸಂದಿಯಿಂದ ಇಣುಕುತ್ತಿದ್ದೆ. ಟೀಚರ್ ಮನೆಗೆ ಮರಳಿದ ಮೇಲೆ, ದೂರು ಕೊಡುವುದು ಬೇಡ ಎಂದು ಅವರ ಕೈ ಹಿಡಿದು ಬೇಡಿಕೊಂಡೆ.

"ನನಗೂ ಹೆದ್ರಿಕಿ ಐತಿ" ಎಂದರು. "ಹೆದ್ರಿಕಿ ಹೋದ ಮ್ಯಾಲ ಬರಿಯೋಣು ಅಂದ್ರ ಯಾವಾಗ ಬರಿಯೂದು? ಪೆನ್ನು ತಗೋ."

ಅವರ ಕೈ ಇನ್ನೂ ನಡುಗುತ್ತಿತ್ತು. ಅವರು ಹೇಳಿದರು, ನಾನು ಬರೆದೆ. ಗ್ರಾಹಕರ ಆಯೋಗಕ್ಕೆ ದೂರು. ಅದರ ಜೊತೆಗೆ ನನ್ನದೊಂದು ಹೇಳಿಕೆ, ನನ್ನ ಹೆಸರು, ನನ್ನ ಸಹಿ. ಹಣ ಕಡಿತವಾಗುವುದನ್ನು ನಿಲ್ಲಿಸಲು ಈ ಸಲ ಬ್ಯಾಂಕಿನಲ್ಲಿದ್ದ ಹುಡುಗಿಯೊಬ್ಬಳು ಟೀಚರ ಫೋನಿನಲ್ಲೇ ತೋರಿಸಿಕೊಟ್ಟಳು. ಎರಡು ಸಲ ಒತ್ತಿದ್ದಷ್ಟೇ. ಅಷ್ಟನ್ನು ಹೇಳಿಕೊಡುವವರು ಅದುವರೆಗೆ ಯಾರೂ ಸಿಕ್ಕಿರಲಿಲ್ಲ.

ಆಮೇಲೆ ಹಾಳೆಯಲ್ಲಿದ್ದ ಉಳಿದ ಹೆಸರುಗಳು. ಫೋನಿನಲ್ಲಿ ಹೇಳಿಬಿಡುತ್ತೇನೆ ಎಂದರೆ ಟೀಚರ್ ಒಪ್ಪಲಿಲ್ಲ. "ಫೋನಿನ್ಯಾಗ ಮಾಡಿದ್ದು ಸಾಕು. ಎದುರಿಗೆ ನಿಂತು ಹೇಳು." ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಬ್ಬರೂ ಹೊರಡುತ್ತಿದ್ದೆವು. ಆ ಮೊಣಕಾಲು ಇಟ್ಟುಕೊಂಡು ಅವರು ಚಾಳಿನ ಮೆಟ್ಟಿಲು ಹತ್ತಿದರು, ಸ್ಟೇಷನ್ನಿನ ಸೇತುವೆ ದಾಟಿದರು. ಮಾತು ನಾನೇ ಆಡಬೇಕು. ಅವರು ಪಕ್ಕದಲ್ಲಿ ನಿಂತಿರುತ್ತಿದ್ದರು. ನನ್ನ ಸೋದರತ್ತೆ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಬೈಕುಲ್ಲಾದಲ್ಲಿ ಅಪ್ಪನ ಹೋಟೆಲಿನ ಅಡುಗೆ ಭಟ್ಟರು ಸಡಿಲಾದ ಪ್ಯಾಂಟು ಹಿಡಿದು ತೋರಿಸಿ, "ನೋಡಿ ಮಾರಾಯ್ರೆ, ಎಷ್ಟು ಇಳಿದಿದ್ದೇನೆ!" ಎಂದು ನಕ್ಕರು. ದಿನಕ್ಕೆ ಮೂರು ಸಲ ಕುಡಿಯುತ್ತಿದ್ದರಂತೆ. ಟೀಚರ್ ಅವರನ್ನು ಕೂರಿಸಿ, ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತಾ ಎಣಿಸಿದರು. ಎಣಿಸುತ್ತಾ ಎಣಿಸುತ್ತಾ ಅವರ ಹುಬ್ಬು ಗಂಟಾಯಿತು. ಭಟ್ಟರ ನಗು ನಿಂತುಹೋಯಿತು. ಅವತ್ತೇ ಡಾಕ್ಟರ ಹತ್ತಿರ ಹೋದರು. ಈಗಲೂ ಚೆನ್ನಾಗಿದ್ದಾರೆ.

ಎಲ್ಲ ಮನೆ ಮುಗಿಯಲು ಮಳೆಗಾಲ ಕಳೆಯಿತು. ಒಂದು ನಂಬರು ಮಾತ್ರ ಕೊನೆಯವರೆಗೂ ಸ್ವಿಚ್ ಆಫ್. ಬ್ಲೌಸ್ ಹೊಲಿಯುತ್ತಿದ್ದ ಹೆಂಗಸು, ಊರಿಗೆ ಹೋದಳೆಂದರು. ಯಾವ ಊರೆಂದು ಯಾರಿಗೂ ಗೊತ್ತಿಲ್ಲ.

ಆಯೋಗದ ನೋಟೀಸು ಹೋಗುವಷ್ಟರಲ್ಲಿ ಕಾಲ್ ಸೆಂಟರಿನ ಶಟರ್ ಎಳೆದಾಗಿತ್ತು. ಟೀಚರ್ ವಿಚಾರಣೆಯ ಎರಡು ತಾರೀಖಿಗೆ ಹೋಗಿ ಬಂದರು. ಮೂರನೆಯದಕ್ಕೆ ಅವರಿರಲಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ, ಮಕ್ಕಳ ವಹಿಗಳನ್ನು ತಿದ್ದುತ್ತಾ ಕೂತಲ್ಲೇ ಹೋಗಿಬಿಟ್ಟಿದ್ದರು. ಹೃದಯ. ನಾನು ಪರೇಲಿನ ಆ ಡಾಕ್ಟರ ಹತ್ತಿರ ಹೋಗಿ, ಆ ಪುಡಿಯಿಂದಲೇ ಹೀಗಾಯಿತೇ ಎಂದು ಕೇಳಿದೆ. ಮೊದಲೇ ದುರ್ಬಲ ಇದ್ದಿರಬಹುದು, ಖಂಡಿತ ಹೇಳಲು ಬರುವುದಿಲ್ಲ ಎಂದರು. ಅವರು ಹೌದೆಂದಿದ್ದರೂ, ಅಲ್ಲವೆಂದಿದ್ದರೂ ನಾನು ಹೇಗೋ ತಡೆದುಕೊಳ್ಳುತ್ತಿದ್ದೆನೇನೋ...

ಆದೇಶ ಟೀಚರ ಪರವಾಗಿಯೇ ಬಂತು. ಪೂರ್ತಿ ಹಣ ಹಿಂದಿರುಗಿಸಬೇಕು, ಪರಿಹಾರವನ್ನೂ ಕೊಡಬೇಕು. ಕೊಡುವವರು ಎಲ್ಲಿದ್ದಾರೆಂದು ಇವತ್ತಿಗೂ ಪತ್ತೆಯಿಲ್ಲ. ಅವರ ತಂಗಿ ವಿಜಾಪುರದಿಂದ ಬಂದು ಆ ಕಾಗದವನ್ನು ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ಹೋದರು. ಟೀಚರ್ ನನ್ನನ್ನು ಕ್ಷಮಿಸಿದ್ದರೋ ಇಲ್ಲವೋ, ಆ ತಂಗಿಯನ್ನು ಕೇಳುವ ಧೈರ್ಯವಾಗಲಿಲ್ಲ. ಟೀಚರಂತೂ ಆ ಶಬ್ದವನ್ನು ಒಮ್ಮೆಯೂ ಆಡಿರಲಿಲ್ಲ.

ಈಗ ನಾನು ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂರುತ್ತೇನೆ. ದಿನವಿಡೀ ಫೋನು ಬರುತ್ತದೆ. ಗೊತ್ತಿಲ್ಲದ ಹೆಂಗಸಿನ ದನಿ "ಹಲೋ" ಎಂದಾಗಲೆಲ್ಲ ಅಂದು ನಾನು ಹೆದರಿಸಿದವರಲ್ಲಿ ಒಬ್ಬಳೇ ಎಂದು ಕಿವಿಗೊಡುತ್ತೇನೆ. ಆ ಕೆಲಸದಲ್ಲಿದ್ದ ತಿಂಗಳುಗಳಲ್ಲಿ, ನಿಲ್ಲಿಸಿದರೆ ನಿಮ್ಮ ಹೃದಯಕ್ಕೆ ಅಪಾಯ ಎಂದು ನಾನು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ. ಅವರಲ್ಲಿ ಎಷ್ಟು ಜನ ಹೆದರಿ ಕುಡಿಯುತ್ತಲೇ ಹೋದರೋ ತಿಳಿಯದು. ಅವರ ಹೆಸರು ನನಗೆ ನೆನಪಿಲ್ಲ, ಮನೆ ಗೊತ್ತಿಲ್ಲ. ಗೊತ್ತಿದ್ದರೂ ಆ ಮೆಟ್ಟಿಲುಗಳನ್ನು ನಾನೀಗ ಒಬ್ಬಳೇ ಹತ್ತಬೇಕು.