ಮೂರರ ನಂತರ ಐದು

ಚಿತ್ರದುರ್ಗದಲ್ಲಿ ನನ್ನದು ಪುಸ್ತಕದ ಪುಟ ಜೋಡಿಸುವ ಕೆಲಸ. ನಾನು ಬಳಸುವ ಲೇಟೆಕ್ ಎಂಬ ತಂತ್ರಾಂಶದಲ್ಲಿ ಪಟ್ಟಿಗೆ ನಾವು ಅಂಕಿ ಹಾಕಬೇಕಿಲ್ಲ. ಹೆಸರು ಬರೆದರೆ ಸಾಕು, ಒಂದು, ಎರಡು ಅಂತ ಅದೇ ಹಾಕಿಕೊಂಡು ಹೋಗುತ್ತದೆ. ಅದರ ಎಣಿಕೆ ತಪ್ಪಿದ್ದನ್ನು ನಾನಂತೂ ಕಂಡಿರಲಿಲ್ಲ.

ಮತ್ತೋಡಿನ ಅಜ್ಜಿಯೊಬ್ಬರು ತಮ್ಮ ವಂಶಾವಳಿ ಪುಸ್ತಕದ ಕರಡು ನೋಡಲು ಬಂದರು. ಅವರ ಆರು ಮಕ್ಕಳ ಪಟ್ಟಿಯಲ್ಲಿ ಮೂರಾದ ಮೇಲೆ ಐದು ಬಂದಿತ್ತು. ಫೈಲು ತೆಗೆದು ನೋಡಿದೆ. ಆರೇ ಸಾಲು, ನಡುವೆ ಏನೂ ಇಲ್ಲ. ತಂತ್ರಾಂಶವನ್ನು ಮತ್ತೆ ಓಡಿಸಿದೆ. ಮತ್ತೂ ಐದೇ.

"ತಪ್ಪಾಗೈತೆ ಅಜ್ಜಿ, ನಾನೇ ಕೈಯಿಂದ ತಿದ್ತೀನಿ," ಅಂದೆ.

ಅಜ್ಜಿ ಆ ಜಾಗದ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು. "ತಿದ್ದಬ್ಯಾಡಪ್ಪ. ನಾಲ್ಕನೇದು ತೊಟ್ಲಿಗೆ ಹಾಕಾಕೆ ಮುಂಚೇನೇ ಹೋದ ಕೂಸು. ಹೆಸರಿಡದ ಕೂಸನ್ನ ನಮ್ಮಲ್ಲಿ ಬರೆಸಲ್ಲ. ನಿಂಗ್ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ.

ಅವರು ಹೋದಮೇಲೆ, ಕಂಪ್ಯೂಟರಿಗೇ ಏನೋ ಆಗಿರಬೇಕು ಅಂತ, ನಮ್ಮ ಮನೆಯ ಮೂರೂ ಮಕ್ಕಳ ಹೆಸರು ಬರೆದು ಓಡಿಸಿದೆ: ಅಣ್ಣ, ಅಕ್ಕ, ಕೊನೆಗೆ ನಾನು.

ಒಂದು, ಎರಡು, ನಾಲ್ಕು.

ಕಂಪ್ಯೂಟರ್ ಕೆಟ್ಟಿದೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೇನೆ. ಅವ್ವನ ಹತ್ತಿರ ಮಾತ್ರ ಇನ್ನೂ ಹೇಳಿಲ್ಲ.