ಸವೆದ ಗರಿಯ ಬಣ್ಣ

ಡಾಬಕಾ ಊರು ದಾಟುತ್ತಲೇ ಬೈಕ್ ನಿಲ್ಲಿಸಿದೆ. ಕಣದ ಪಕ್ಕದ ಜಾಲಿಮರ ಪೂರ್ತಿ ಗುಲಾಬಿ! ಹೂವಲ್ಲ, ಗುಲಾಬಿ ಮೈನಾಗಳು. ವಲಸೆ ಹೊರಡುವ ಮೊದಲು ಇವನ್ನು ನೋಡಬೇಕೆಂದೇ ಬೀದರಿನಿಂದ ಬೆಳಿಗ್ಗೆ ಓಡಿಬಂದಿದ್ದೆ. ಕವಣೆ ಹಿಡಿದು ಜೋಳದ ತೆನೆ ಕಾಯುತ್ತಿದ್ದ ಕಮಳಾಬಾಯಿಯವರಿಗೆ, "ಹಳೇ ಗರಿ ಉದುರಿ ಹೊಸದು ಬಂದಿದೆ, ಅದಕ್ಕೇ ಈ ಬಣ್ಣ" ಎಂದು ಪಾಠ ಹೇಳಿದೆ.

"ಯಾರ್ ಹೇಳ್ಯಾರ್ರಿ ನಿಮಗ?"

ಗುಡಿಸಲಿನ ತಡಿಕೆಗೆ ಸಿಕ್ಕಿಸಿದ್ದ ಎರಡು ಗರಿ ತೆಗೆದು ಕೊಟ್ಟರು. ಎರಡೂ ಅವರಿಗೆ ಮುಳ್ಳುಬೇಲಿಯಲ್ಲಿ ಸಿಕ್ಕವು. ಚಳಿಗಾಲದಲ್ಲಿ, ಎಳ್ಳಮಾವಾಸ್ಯೆಯ ಹೊತ್ತಿಗೆ ಸಿಕ್ಕ ಗರಿಯ ಗುಲಾಬಿಯನ್ನು ಮಾಸಲು ಕಂದು ಅಂಚು ಮುಚ್ಚಿತ್ತು. ನಿನ್ನೆಯದರಲ್ಲಿ ಆ ಅಂಚೇ ಇಲ್ಲ!

"ಗರಿ ಅವೇ ಅದಾವ್ರಿ, ತುದಿ ಸವದಾವ. ನಮ್ ಸೀರಿ ಸವದ್ರ ಬಣ್ಣ ಹೋಗ್ತದ, ಇವಕ್ಕ ಸವದ್ರ ಬರ್ತದ. ಪೂರಾ ಗುಲಾಬಿ ಆದ್ವಂದ್ರ ಹೊಂಟ್ವು ಅಂತ ತಿಳೀರಿ."

ಅಷ್ಟರಲ್ಲಿ ಹಿಂಡು ಭರ್ರನೆ ಎದ್ದು ಕಣದ ಮೇಲೆ ಒಂದು ಸುತ್ತು ಹಾಕಿತು. ಕಮಳಾಬಾಯಿ ಕವಣೆ ಎತ್ತಿದರು. ಹಕ್ಕಿಗಳು ತೆನೆಗೆ ಇಳಿಯಲೇ ಇಲ್ಲ. ವಾಯವ್ಯಕ್ಕೆ ತಿರುಗಿ ಹೊರಟೇಬಿಟ್ಟವು. ನಾನು ನಿಂತಲ್ಲೇ ಕುಣಿದೆ.

ಕಮಳಾಬಾಯಿ ಉಡಿಯಲ್ಲಿದ್ದ ಕಲ್ಲುಗಳನ್ನು ಗುಡಿಸಲಿನ ಮೂಲೆಗೆ ಸುರಿದು, ಮೇಲೆ ಗೋಣಿತಟ್ಟು ಹೊದಿಸಿದರು.

"ಮಳಿಗಾಲ ಮುಗದ ಮ್ಯಾಲ ಮತ್ತ ಬರ್ತಾವಲ್ರಿ, ಬೇಕಾಗ್ತಾವ."